ಒಲೆ ಹಚ್ಚದ ಮನೆಯ ನೀರು

ನಾನು ನಿಂತಿದ್ದದ್ದು ಅಡುಗೆಮನೆಯ ಹೊಸ್ತಿಲಿನ ಈಚೆ, ಪಡಸಾಲೆಯ ಕಡೆ. ಬಲಗೈ ಬಾಗಿಲ ಚೌಕಟ್ಟಿನ ಮೇಲಿತ್ತು. ಜೂನ್ ತಿಂಗಳ ಮೊದಲ ವಾರ. ಮಳೆ ಒಂದೆರಡು ಸಲ ಬಂದು ಹೋಗಿತ್ತು, ಇನ್ನೂ ಹಿಡಿದಿರಲಿಲ್ಲ. ಖಾನಾಪುರಕ್ಕೆ ಹೋಗುವ ಬೆಳಗಿನ ಬಸ್ಸು ಆಗಷ್ಟೇ ಹಾರ್ನ್ ಹಾಕಿ ಹೋಗಿತ್ತು. ನಾನು ನಿಂತಲ್ಲಿಂದ ಎಡಗಡೆ ಗೋಡೆಗೆ ಹೊಂದಿಕೊಂಡು ಮಣ್ಣಿನ ಒಲೆ ಕಾಣುತ್ತಿತ್ತು, ಬೂದಿ ತೆಗೆದು ಸಗಣಿಯಿಂದ ಸಾರಿಸಿದ್ದು. ಅದರ ಬಾಜುವಿನ ಕಟ್ಟೆಯ ಮೇಲೆ ಗ್ಯಾಸಿನ ಒಲೆ, ಅದಕ್ಕೆ ಹಳೆಯ ಟಾವೆಲು ಹೊದಿಸಿದ್ದು. ಬಲಗಡೆ ಮೂಲೆಯಲ್ಲಿ ಕುಡಿಯುವ ನೀರಿನ ಹರವಿ. ಹರವಿಯ ಮುಂದೆ ಆ ಮನೆಯ ಸೊಸೆ, ತುಂಬಿದ ಬಸುರಿ, ಒಂದು ಕೈಯನ್ನು ಸೊಂಟದ ಮೇಲಿಟ್ಟು ಬಗ್ಗಿ ತಂಬಿಗೆ ಅದ್ದಿದಳು. ಬೆರಳುಗಳು ಪೂರ್ತಿ ನೀರಿನಲ್ಲಿ ಮುಳುಗಿದವು. ತಂಬಿಗೆ ಎತ್ತಿ ನಿಂತಲ್ಲೇ ಕುಡಿಯತೊಡಗಿದಳು.

ನಾನು "ಬ್ಯಾಡ" ಎನ್ನುವಷ್ಟರಲ್ಲಿ ಅರ್ಧ ತಂಬಿಗೆ ಒಳಗಿಳಿದಿತ್ತು.

ನಾನು ಆರೋಗ್ಯ ಇಲಾಖೆಯಲ್ಲಿ ನಿರೀಕ್ಷಕ. ಮನೆ ಬೆಳಗಾವಿ ಹತ್ತಿರದ ಪೀರನವಾಡಿಯಲ್ಲಿ. ಕೆಲಸ ಖಾನಾಪುರ ತಾಲೂಕಿನಲ್ಲಿ, ಬೀಡಿ ಎಂಬ ಊರಿನಿಂದ ಇನ್ನೂ ಒಳಗೆ ಹೋದರೆ ಸಿಗುವ ಕೆಲವು ಊರುಗಳಲ್ಲಿ. ಈ ಊರಿನ ಹೆಸರನ್ನು ಬರೆಯುವುದಿಲ್ಲ. ಆ ವರ್ಷ ಅದರ ಹೆಸರು ಹೇಳಿದರೆ ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು. ಆ ಊರಿನವರು ಅದನ್ನು ಒಮ್ಮೆ ಉಂಡದ್ದು ಸಾಕು.

ಕಾಯಿಲೆ ಮೇಲಿನ ಓಣಿಯ ಎರಡು ಮನೆಗಳಿಂದ ಶುರುವಾಯಿತು. ವಾಂತಿ, ಭೇದಿ, ಅಕ್ಕಿ ತೊಳೆದ ನೀರಿನಂಥ ಭೇದಿ. ಮಾದರಿಯನ್ನು ಬೆಳಗಾವಿಯ ಪ್ರಯೋಗಾಲಯಕ್ಕೆ ಕಳಿಸಿದೆವು. ಅದು ಕಾಲರಾ ಎಂದು ಅಲ್ಲಿಂದ ತಿಳಿಯುವ ಮೊದಲೇ ಕೆಲಸ ಹಿಡಿದಿದ್ದೆವು. ಗಟಾರದ ಅಡಿಯಲ್ಲಿ ನೀರಿನ ಪೈಪು ಒಡೆದಿತ್ತು. ಅದನ್ನು ಅಗೆದು ಬದಲಿಸಿದರು. ಟಾಕಿ ಖಾಲಿ ಮಾಡಿ, ಒಳಗಿಳಿದು ತಿಕ್ಕಿ, ಬ್ಲೀಚಿಂಗ್ ಪೌಡರು ಹಾಕಿದರು. ಓಣಿಯ ಕಟ್ಟಕಡೆಯ ನಲ್ಲಿಯ ನೀರನ್ನು ನಾನು ದಿನಾ ಗಾಜಿನ ನಳಿಗೆಯಲ್ಲಿ ಹಿಡಿದು ಔಷಧದ ಹನಿ ಬಿಟ್ಟು ನೋಡುತ್ತಿದ್ದೆ. ಹಳದಿಗೆ ತಿರುಗಿದರೆ ನೀರಿನಲ್ಲಿ ಕ್ಲೋರಿನ್ ಉಳಿದಿದೆ ಎಂದರ್ಥ. ಪ್ರತಿದಿನವೂ ಹಳದಿಯಾಗುತ್ತಿತ್ತು.

ಆದರೆ ಆ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ.

"ಸರ, ನಿಮ್ಮ ನೀರ ಕುಡದ್ರ ಹೊಟ್ಟ್ಯಾಗಿನ ಕಳ್ಳ ತೊಳದ ಬಿಳೇ ಆಗ್ತಾವ್ರಿ. ಅಂಗಿ ಒಗೀಲಾಕ ಕೊಡ್ರಿ, ಚಲೋ ಐತಿ," ಎಂದು ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯವನು ಎಲ್ಲರೆದುರು ನಗಿಸಿದ್ದ. ಮೇಲಿನ ಓಣಿಯಲ್ಲಿ ಒಂದು ಹಳೆಯ ಬಾವಿಯಿದೆ. ಸಿಹಿ ನೀರು. ಅಡುಗೆಗೂ ಕುಡಿಯಲಿಕ್ಕೂ ಅವರಿಗೆ ಅದೇ ಬೇಕು. ಬಾವಿಗೂ ಬ್ಲೀಚಿಂಗ್ ಪೌಡರು ಕಲಸಿ ಹಾಕಿದೆವು. ಆದರೆ ಸೆಲೆಯಿಂದ ಹೊಸ ನೀರು ಬಂದಂತೆ ಅದರ ಬಲ ತೆಳುವಾಗುತ್ತದೆ. ಬಾವಿಗೆ ಮುಚ್ಚಳ ಹಾಕಿ ಬೀಗ ಜಡಿಯುವ ಮಾತು ಬಂತು, ಊರು ಒಪ್ಪಲಿಲ್ಲ. ಆಗ ನಾವು ಒಂದೇ ಮಾತನ್ನು ಹಿಡಿದೆವು: ಎಲ್ಲಿಯ ನೀರಾದರೂ ಕುಡಿಯಿರಿ, ಚೆನ್ನಾಗಿ ಕುದಿಸಿ ಕುಡಿಯಿರಿ.

ಜನ ಕೇಳಿದರು. ಇದನ್ನು ಒತ್ತಿ ಬರೆಯಬೇಕು. ಹಳ್ಳಿಯ ಜನ ಹೇಳಿದ್ದು ಕೇಳುವುದಿಲ್ಲ ಎಂದು ಬೆಳಗಾವಿಯಲ್ಲಿ ಕುಳಿತು ಹೇಳುವವರನ್ನು ನಾನು ಬಹಳ ನೋಡಿದ್ದೇನೆ. ನಾನು ಕಂಡದ್ದು ಬೇರೆ. ಕಟ್ಟಿಸಿದ ದಿನದಿಂದ ಸಗಣಿಯ ಕುಳ್ಳು, ಕಟ್ಟಿಗೆ ತುಂಬಿಟ್ಟಿದ್ದ ಶೌಚಾಲಯಗಳು ಒಂದೇ ಬೆಳಿಗ್ಗೆಗೆ ಖಾಲಿಯಾದವು. ಆ ಕುಳ್ಳೇ ನೀರು ಕುದಿಸಲು ಒಲೆಗೆ ಹೋಯಿತು. ಚಹಾದ ಅಂಗಡಿಯವನು ಕಪ್ಪುಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ಇಕ್ಕಳದಿಂದ ಎತ್ತತೊಡಗಿದ. ಒಂದು ಮದುವೆಯಲ್ಲಿ ಪಂಕ್ತಿ ಊಟ ನಿಲ್ಲಿಸಿ ಬುಂದಿಯನ್ನು ಕಾಗದದ ಪೊಟ್ಟಣ ಕಟ್ಟಿ ಕೊಟ್ಟರು. ಹುಡುಗರು ಬಾವಿಯ ಕಟ್ಟೆಯ ಮೇಲೆ ಕಾಲು ತೊಳೆಯುವುದು ನಿಂತಿತು. ಕಂಡೊಡನೆ ಕೈ ಹಿಡಿದು ಮಾತಾಡುವ ಹಿರಿಯರು ದೂರದಿಂದಲೇ ಕೈ ಮುಗಿಯತೊಡಗಿದರು.

ಅದರ ಜೊತೆ ಅಂಜಿಕೆಯೂ ಬಂತು. ಮೇಲಿನ ಓಣಿಯವರ ಹಾಲು ಡೈರಿಯಲ್ಲಿ ಬೇಡವಾಯಿತು. ಗಿರಣಿಯಲ್ಲಿ ಅವರ ಜೋಳದ ಡಬ್ಬಿಗಳನ್ನು ಹೊರಗೆ ಇರಿಸಿ ಎಲ್ಲರದೂ ಮುಗಿದ ಮೇಲೆ ಬೀಸಿ ಕೊಡುತ್ತಿದ್ದರು. ನನ್ನ ಮನೆಯಲ್ಲೂ ಹೆಂಡತಿ ಅಂಗಳದ ತುಳಸಿಕಟ್ಟೆಯ ಹತ್ತಿರ ಬಕೆಟ್ಟು, ಸಾಬೂನು ಇಟ್ಟಿದ್ದಳು. ಒಳಗೆ ಬರುವ ಮೊದಲು ಅಲ್ಲಿಯೇ ಬಟ್ಟೆ ಬದಲಿಸಬೇಕು. ಅದರಲ್ಲಿ ತಪ್ಪು ಹುಡುಕಲು ನನಗೆ ಮಾತಿರಲಿಲ್ಲ. ಊರೂರು ತಿರುಗಿ ಅದನ್ನೇ ಹೇಳುವವನು ನಾನು.

ಮೇಲಿನ ಓಣಿಯ ಒಬ್ಬ ಅಜ್ಜ ತೀರಿಹೋದರು. ಮೊದಲೇ ಉಬ್ಬಸದ ದೇಹ. ಖಾನಾಪುರದ ಆಸ್ಪತ್ರೆಗೆ ಮುಟ್ಟುವುದರೊಳಗೆ ಸೋತಿದ್ದರು. ಮನೆಯಲ್ಲಿ ಉಳಿದವರು ಅವರ ಹೆಂಡತಿ, ಮಗ, ಬಸುರಿ ಸೊಸೆ. ಅಜ್ಜಿಯನ್ನು ಇಡೀ ಓಣಿ 'ಆಯಿ' ಎನ್ನುತ್ತಿತ್ತು. ನಾವೂ ಹಾಗೇ ಕರೆಯುತ್ತಿದ್ದೆವು. ಅಜ್ಜನ ಮಣ್ಣಿಗೆ ಹೆಚ್ಚು ಜನ ಸೇರದಂತೆ ನೋಡಿಕೊಂಡೆವು. ಶವವನ್ನು ಮನೆಯಲ್ಲಿ ತೊಳೆಯಬಾರದು ಎಂದೆವು, ಮಗ ಒಪ್ಪಿದ. ಅಲ್ಲಿಗೆ ನಮ್ಮ ಮಟ್ಟಿಗೆ ಆ ಮನೆಯ ಕೆಲಸ ಮುಗಿದಿತ್ತು.

ನಂತರ ಒಂದೆರಡು ದಿನ ಹೊಸ ರೋಗಿಗಳು ಕಡಿಮೆಯಾದರು. ನಾವು ಉಸಿರು ಬಿಟ್ಟೆವು. ಆಮೇಲೆ ಒಮ್ಮೆಲೇ ಮತ್ತೆ ಏರಿತು. ಈ ಸಲ ಒಂದು ಓಣಿಯಲ್ಲಿ ಅಲ್ಲ. ಕೆಳಗಿನ ಓಣಿಯಲ್ಲಿ ಒಬ್ಬರು, ಹೊಲದ ಮನೆಯಲ್ಲಿ ಇಬ್ಬರು, ಶಾಲೆಯ ಹಿಂದಿನ ಮನೆಯಲ್ಲಿ ಒಬ್ಬರು. ಒಬ್ಬರಿಗೂ ಇನ್ನೊಬ್ಬರಿಗೂ ಸಂಬಂಧ ಕಾಣಲಿಲ್ಲ.

ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿ ನಮ್ಮನ್ನು ಕೂಡಿಸಿದರು. ನಿದ್ದೆಯಿಲ್ಲದೆ ಅವರ ಕಣ್ಣು ಕೆಂಪಾಗಿದ್ದವು. "ಯಾರೋ ಸುಳ್ಳು ಹೇಳ್ತಿದ್ದಾರೆ. ಕುದಿಸ್ತೀವಿ ಅಂತಾರೆ, ಕುದಿಸ್ತಿಲ್ಲ," ಎಂದರು.

ಆಶಾ ಕಾರ್ಯಕರ್ತೆಗೆ ಸಿಟ್ಟು ಬಂತು. ಅದೇ ಊರಿನ ಸೊಸೆ ಅವರು. ಮನೆಮನೆ ತಿರುಗಿ ಕಾಲು ಬಾತಿದ್ದವು. "ಮೇಡಂ, ಒಲಿ ಮುಂದ ಕುಂತ ನೋಡೇನ್ರಿ. ನೀರ ಕುದಿಯೂತನಾ ಎದ್ದಿಲ್ಲ. ನನ್ನ ಕಣ್ಣಿಗೆ ಹೊಗಿ ಹತ್ತಿದ್ದ ಸುಳ್ಳೇನ್ರಿ?"

"ಎಲ್ಲಾ ಮನೇನೂ ನೋಡಿದ್ದೀರಾ?"

"ಓಣಿ ಪೂರಾ ನೋಡೇನ್ರಿ."

ಅವರು ಬೇಕೆಂದು ಸುಳ್ಳು ಹೇಳಿರಲಿಲ್ಲ. ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಸುಳಿವು ಬಂದದ್ದು ಬೆಳಗಾವಿಯ ಆಚೆಯ ಸಾಂಬ್ರಾದಿಂದ. ಮರುದಿನ ಬೆಳಿಗ್ಗೆ ನಾನು ಮನೆ ಬಿಡುವ ಮೊದಲು ಆ ಕಡೆ ಕೆಲಸ ಮಾಡುವ ನನ್ನ ಸಹೋದ್ಯೋಗಿಯೊಬ್ಬರು ಫೋನು ಮಾಡಿದರು. ಅಲ್ಲಿ ಒಬ್ಬರಿಗೆ ವಾಂತಿಭೇದಿ. ಕೇಳಿದರೆ ಖಾನಾಪುರ ಕಡೆ ಬಂಧುಗಳ ಮನೆಗೆ ಸಾವು ಕೇಳಿ ಮಾತನಾಡಿಸಲು ಹೋಗಿದ್ದೆ ಎನ್ನುತ್ತಾರೆ. ಯಾವ ಊರು? ನಮ್ಮ ಊರು. ಯಾರ ಮನೆ? ತೀರಿಹೋದ ಅಜ್ಜನ ಮನೆ.

"ಊಟ ಏನ ಮಾಡ್ಯಾರಂತ?" ನಾನು ಕೇಳಿದೆ.

"ಊಟ ಇಲ್ಲ. ಚಹಾ ಸೈತ ಇಲ್ಲ. ಒಂದ ತಾಸ ಕುಂತು, ನೀರ ಕುಡದು, ಬಸ್ ಹತ್ಯಾರ."

ದಾರಿಯುದ್ದಕ್ಕೂ ಗಾಡಿ ಓಡಿಸುತ್ತ ಒಬ್ಬೊಬ್ಬ ಹೊಸ ರೋಗಿಯನ್ನೂ ನೆನೆದೆ. ಕೆಳಗಿನ ಓಣಿಯವರು ಅಜ್ಜನ ಗೆಳೆಯರು. ಹೊಲದ ಮನೆಯವರು ಬೀಗರು. ಶಾಲೆಯ ಹಿಂದಿನ ಮನೆಯಾಕೆ ಆಯಿಯ ತವರು ಕಡೆಯವಳು. ಆಶಾ ಕಾರ್ಯಕರ್ತೆಯನ್ನು ದಾರಿಯಲ್ಲೇ ಕರೆದುಕೊಂಡೆ. ಇಬ್ಬರೂ ನೇರ ಆ ಮನೆಗೆ ಹೋದೆವು. ಹಾಗೆ ನಾನು ಆ ಹೊಸ್ತಿಲ ಈಚೆ ನಿಂತದ್ದು.

ಸೊಸೆ ತಂಬಿಗೆ ಕೆಳಗಿಟ್ಟಳು. ಆಯಿ ಗೋಡೆಗೆ ಒರಗಿ ಕುಳಿತಿದ್ದರು.

"ಆಯೀ, ಹರವ್ಯಾಗಿನ ನೀರ ಕುದಿಸಿದ್ದೇನ್ರಿ?" ಎಂದೆ.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಏನ ಕೇಳತೀಯೋ ಯಪ್ಪಾ? ಗಂಡ ಸತ್ತ ಮನ್ಯಾಗ ಒಲಿ ಹಚ್ಚತಾರೇನು? ಐದ ದಿನಾ ಆಗೂತನಾ ಈ ಮನ್ಯಾಗ ಹೊಗಿ ಏಳಬಾರ್ದು."

ಕೆಲವು ಮನೆಗಳಲ್ಲಿ ಮೂರು ದಿನ, ಈ ಮನೆಯಲ್ಲಿ ಐದು. ಅಷ್ಟು ದಿನ ಊಟ ನೆರೆಯವರ ಮನೆಗಳಿಂದ ಬುತ್ತಿಯಾಗಿ ಬರುತ್ತದೆ: ರೊಟ್ಟಿ, ಝುಣಕ, ಅನ್ನ, ಸಾರು. ಚಹಾ ಥರ್ಮಾಸಿನಲ್ಲಿ ಬರುತ್ತದೆ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ನನ್ನ ತಂದೆ ತೀರಿದಾಗ ನಾನೂ ಹಾಗೇ ಉಂಡವನು. ಆದರೆ ನೀರು ಮನೆಯದೇ. ಬಾವಿಯಿಂದ ಸೇದಿ ತಂದು ಹರವಿಗೆ ತುಂಬಿದ್ದು.

"ಅಜ್ಜಾರು ಇದ್ದಾಗ?"

"ಇದ್ದಾಗ ಕುದಿಸದ ಹನಿ ನೀರ ಕುಡಿಸಿಲ್ಲ. ಈಕಿನ್ನ ಕೇಳು. ಹೊಟ್ಟೀಲಿರಾಕಿಗೆ ನಾನs ಕಾಸಿ, ಆರಿಸಿ, ಸೋಸಿ ಕೊಟ್ಟೇನಿ."

"ಬಂದವ್ರೂ ಇದs ನೀರ ಕುಡದಾರೇನ್ರಿ?"

"ಮಾತಾಡ್ಸಾಕ ಬಂದವ್ರು ಒಂದ ಗುಟಕ ನೀರ ಕುಡೀದs ಹೋಗ್ತಾರೇನು? ಹಂಗ ಎದ್ದ ಹೋಗಾಂವ ವೈರಿ."

ನಾನು ಆಶಾ ಕಾರ್ಯಕರ್ತೆಯ ಕಡೆ ನೋಡಿದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. "ಸರ, ಈ ಮನೀಗಿ ನಾ ಬರಲಿಲ್ರಿ. ಸತ್ತ ಮನೀ ಬಾಗಲದಾಗ ನಿಂತು ನೀರ ಕುದಿಸೀರೇನು ಅಂತ ಹ್ಯಾಂಗ ಕೇಳ್ಲಿ? ಇದೊಂದs ಮನಿ ಬಿಟ್ಟೆ."

ಅವರ ಜಾಗದಲ್ಲಿ ಯಾರೂ ಕೇಳುತ್ತಿರಲಿಲ್ಲ. ವೈದ್ಯಾಧಿಕಾರಿಯೂ ಕೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ದುಃಖದ ಮನೆಗೆ ಹೋಗಿ ಪ್ರಶ್ನೆ ಹಾಕುವುದಿಲ್ಲ, ಅಷ್ಟೇ. ಇಡೀ ಊರು ತನ್ನ ನಡೆಯನ್ನು ಬದಲಿಸಿಕೊಂಡಿತ್ತು. ಮಾತನಾಡಿಸಲು ಬಂದವರು ಕೈ ಹಿಡಿಯದೆ ದೂರದಿಂದಲೇ ಕೈ ಮುಗಿದು, ದೂರ ದೂರ ಕುಳಿತು, ಆಮೇಲೆ ಅದೇ ತಂಬಿಗೆಯಿಂದ ನೀರು ಕುಡಿದು ಎದ್ದಿದ್ದರು.

ಹರವಿಯ ನೀರನ್ನು ಪರೀಕ್ಷೆಯ ಬಾಟಲಿಗೆ ತುಂಬಿಕೊಂಡೆ. ನೀರು ಕೆಟ್ಟಿದ್ದರೆ ಅದು ಮರುದಿನಕ್ಕೆ ಕಪ್ಪಾಗುತ್ತದೆ. ವೈದ್ಯಾಧಿಕಾರಿಗೆ ಫೋನು ಮಾಡಿದೆ. ಅವರು ತಡಮಾಡದೆ ಹೇಳಿದರು: "ಆ ಮನೆಗೆ ಯಾರೂ ಹೋಗಬಾರದು. ಬೇಕಾದರೆ ಪೊಲೀಸರಿಗೆ ಹೇಳ್ತೀನಿ."

ಅದು ತಪ್ಪು ಮಾತಲ್ಲ. ಪುಸ್ತಕದಲ್ಲಿ ಬರೆದಿರುವುದೂ ಅದೇ. ಆದರೆ ಬಾಗಿಲಿಗೆ ಪೊಲೀಸರನ್ನು ನಿಲ್ಲಿಸಿದರೆ ಜನ ಹಿತ್ತಲಿನಿಂದ ಬರುತ್ತಾರೆ. ಮುಂದೆ ಯಾರ ಮನೆಯಲ್ಲಿ ಸಾವಾದರೂ ನಮಗೆ ತಿಳಿಸುವುದಿಲ್ಲ. "ಸಂಜೆಯವರೆಗೆ ಸಮಯ ಕೊಡಿ, ಮೇಡಂ," ಎಂದೆ. "ಸಂಜೆಯವರೆಗೆ ಮಾತ್ರ," ಎಂದರು ಅವರು.

ನಾನು ಆಯಿಯ ಎದುರು ಕುಳಿತೆ. ಗ್ಯಾಸ್ ಹಚ್ಚೋಣ, ನೀರಿಗೆ ಮಾತ್ರ, ಅಡುಗೆಗಲ್ಲ ಎಂದೆ. ಅವರು ತಲೆ ಅಲ್ಲಾಡಿಸಿದರು. ಸೊಸೆ ಬಸುರಿ ಎಂದೆ. ಮುಖ ತಿರುಗಿಸಿದರು.

"ಅಂವಗ ನಾ ಏನೂ ಮಾಡ್ಲಿಲ್ಲೋ ಯಪ್ಪಾ. ಕಡೀ ಕಾಲಕ ಬಾಯಾಗ ನೀರ ಸೈತ ಬಿಡ್ಲಿಲ್ಲ, ಆಸ್ಪತ್ರಿ ಗಾಡ್ಯಾಗ ಹ್ವಾದ. ಇದೊಂದ ಐದ ದಿನಾ ಅಂವನ ಸಲುವಾಗಿ ಇಟಗೊಂಡೇನಿ. ಇದನ್ನೂ ಕಸಗೋತೀ ಏನು?"

ನಾನು ಕೈಯಲ್ಲಿದ್ದ ಬಾಟಲಿಯ ಮುಚ್ಚಳ ಬಿಗಿ ಮಾಡಿದೆ.

ಅಷ್ಟರಲ್ಲಿ ಎದುರು ಮನೆಯಾಕೆ ಬುತ್ತಿ ತಂದಳು. ಎಮ್ಮೆ ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಹೆಂಗಸು. ಆಶಾ ಕಾರ್ಯಕರ್ತೆ ಅವಳಿಗೆ ನಡೆದದ್ದನ್ನು ಹೇಳಿದರು. "ಅಷ್ಟs ಏನು?" ಎಂದಳು ಆಕೆ. "ರೊಟ್ಟಿ ಸುಡತೀನಿ, ನೀರೂ ಕುದಸತೀನಿ. ಒಂದ ಕೊಡಾ ತರತೀನಿ."

"ಕೊಡಾ ಹೊತಗೊಂಡ ನನ್ನ ಬಾಗಲಾ ದಾಟಬ್ಯಾಡ," ಆಯಿಯ ದನಿ ಒಮ್ಮೆಲೇ ಏರಿತು. "ಒಂದ ಸಲಾ ಹೊತ್ತಾತು ಕೊಡಾ ಈ ಮನ್ಯಾಗ."

ಮಣ್ಣಿನ ದಿನ ಮಗ ಹೆಗಲ ಮೇಲೆ ಹೊತ್ತ ಕೊಡದ ಮಾತು ಅದು ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಎದುರು ಮನೆಯಾಕೆ ಬುತ್ತಿಯ ಗಂಟು ಬಿಚ್ಚುತ್ತ, ಯಾರಿಗೂ ಅಲ್ಲದಂತೆ ಹೇಳಿದಳು: "ಹಾಲಿನ ಕ್ಯಾನ್ ಅದಾವು. ಡೈರಿಯವ್ರು ನಮ್ಮ ಹಾಲ ಮುಟ್ಟವಲ್ರು. ಖಾಲೀನs ಬಿದ್ದಾವು, ನನ್ನಂಗ."

ಆಯಿ ಹೂಂ ಎನ್ನಲಿಲ್ಲ. ಬೇಡವೆನ್ನಲೂ ಇಲ್ಲ.

ಸೊಸೆ ಆಗ ಎದ್ದು ಹಿತ್ತಲಿಗೆ ಹೋದಳು. ತಿರುಗಿ ಬಂದಳು. ಮತ್ತೆ ಹೋದಳು. ಎರಡನೆಯ ಸಲ ಹೋದವಳು ಅಲ್ಲಿಯೇ ಗೋಡೆ ಹಿಡಿದು ಕುಳಿತಳು. ಆಶಾ ಕಾರ್ಯಕರ್ತೆ ಓಡಿದರು. ನಾನು ಕಂಡ ಆ ತಂಬಿಗೆಯಿಂದಲೇ ಕಾಯಿಲೆ ಬಂತು ಎಂದು ಹೇಳಲಾರೆ. ಅಷ್ಟು ಬೇಗ ಬರುವುದಿಲ್ಲ. ಮಾವ ಹೋದ ದಿನದಿಂದ ಅವಳು ಅದೇ ನೀರು ಕುಡಿಯುತ್ತಿದ್ದಳು. ಆದರೂ ನನ್ನ ಕಣ್ಣಿನಲ್ಲಿ ಉಳಿದದ್ದು ಆ ತಂಬಿಗೆ.

ಓಆರ್‌ಎಸ್ ಕಲಸಲು ಕುದಿಸಿ ಆರಿಸಿದ ನೀರು ಬೇಕಿತ್ತು. ಆ ಮನೆಯಲ್ಲಿ ಇರಲಿಲ್ಲ. ಎದುರು ಮನೆಯಾಕೆ ಓಡಿಹೋಗಿ ತಂದಳು. ಎರಡು ಗುಟುಕು ಕುಡಿಸಿದರೆ ಮೂರು ಹೊರಗೆ ಬರುತ್ತಿತ್ತು. ಆಂಬುಲೆನ್ಸ್ ಬರುವ ಹೊತ್ತಿಗೆ ಅವಳ ಕೆನ್ನೆ ಒಳಗೆ ಹೋಗಿ, ಕೈಬೆರಳ ಚರ್ಮ ಬಹಳ ಹೊತ್ತು ನೀರಿನಲ್ಲಿ ನೆನೆಸಿದಂತೆ ಸುಕ್ಕಾಗಿತ್ತು. ಸುದ್ದಿ ತಿಳಿದು ಹೊರಗಿನಿಂದ ಓಡಿಬಂದ ಗಂಡ, ಆಶಾ ಕಾರ್ಯಕರ್ತೆ ಜೊತೆಗೆ ಹತ್ತಿದರು. ಖಾನಾಪುರದಲ್ಲಿ ಸಲೈನು ಹಚ್ಚಿ, ಬಸುರಿ ಎಂದು ಅಲ್ಲಿಂದ ಬೆಳಗಾವಿಗೆ ಕಳಿಸಿದರು.

ಗಂಡ ಸತ್ತವಳು ಹೊಸ್ತಿಲು ದಾಟುವಂತಿರಲಿಲ್ಲ. ಆಯಿ ಬಾಗಿಲವರೆಗೆ ಬಂದು ನಿಂತರು. ಗಾಡಿ ಓಣಿ ತಿರುಗಿದ ಮೇಲೆ ಒಳಗೆ ಹೋದರು. ನಾನು ಹಿಂದೆ ಹೋದೆ. ಅವರು ಹರವಿಯ ಕೊರಳನ್ನು ಎರಡೂ ಕೈಯಿಂದ ಹಿಡಿದು ಓರೆ ಮಾಡಿದರು. ನೀರು ಅಡುಗೆಮನೆಯ ನೆಲದ ತುಂಬ ಹರಿದು ಬಚ್ಚಲ ತೂತಿನಿಂದ ಹೊರಗೆ ಹೋಯಿತು. ಪೂರ್ತಿ ಖಾಲಿಯಾಗುವವರೆಗೆ ಬಿಡಲಿಲ್ಲ. ಆಮೇಲೆ ಹರವಿಯನ್ನು ಬೋರಲು ಹಾಕಿದರು.

"ಆಕೀಗಿ ಹೇಳು, ಕ್ಯಾನ ತರ್ಲಿ," ಎಂದರು.

ಆ ಸಂಜೆಯಿಂದ ಬುತ್ತಿ ತರುವ ಮನೆಗಳು ಸರದಿಯ ಮೇಲೆ ನೀರನ್ನೂ ಕುದಿಸಿ ಹಾಲಿನ ಕ್ಯಾನಿನಲ್ಲಿ ತಂದವು. ಕ್ಯಾನಿಗೆ ಮುಚ್ಚಳವಿತ್ತು, ಕೈ ಅದ್ದುವಂತಿರಲಿಲ್ಲ, ಹಿಡಿಕೆಯಿರುವ ಹಾಲಿನ ಅಳತೆಯ ಪಾತ್ರೆಯಿಂದ ತೆಗೆದು ಗ್ಲಾಸಿಗೆ ಹಾಕುತ್ತಿದ್ದರು. ಮಾತನಾಡಿಸಲು ಬಂದವರು ಕುಳಿತರು, ಅತ್ತರು, ಒಂದು ಗುಟುಕು ಕುಡಿದು ಎದ್ದರು. ವೈದ್ಯಾಧಿಕಾರಿ ಪೊಲೀಸರಿಗೆ ಹೇಳಲಿಲ್ಲ. ಬಾಟಲಿ ಮರುದಿನ ಕಪ್ಪಾಯಿತು. ಊರಿನಲ್ಲಿ ಆಮೇಲೂ ಕೆಲವರು ಕಾಯಿಲೆ ಬಿದ್ದರು. ಆದರೆ ಎಣಿಸುವವರಿಗೆ ಗೊತ್ತಾಗುವಂತೆ ಇಳಿಯಿತು. ಮಳೆ ಹಿಡಿದದ್ದು, ಬಾವಿಗೆ ಮತ್ತೆ ಮತ್ತೆ ಔಷಧ ಹಾಕಿದ್ದು, ಕ್ಯಾನಿನ ನೀರು, ಇವುಗಳಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂದು ನಾನು ಹೇಳಲಾರೆ.

ಬೆಳಗಾವಿಯ ಆಸ್ಪತ್ರೆಗೆ ನಾನು ಮರುದಿನ ಸಂಜೆ ಹೋದೆ. ಸೊಸೆ ಉಳಿದಿದ್ದಳು. ಮಗು ಹೊಟ್ಟೆಯಲ್ಲೇ ಹೋಗಿತ್ತು. ಗಂಡ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ. ಕೈಯಲ್ಲಿ ಬಾಟಲಿ ನೀರು, ಮುಚ್ಚಳ ತೆಗೆದಿರಲಿಲ್ಲ. ಒಳಗೆ ಅವಳ ಮಂಚದ ಹತ್ತಿರ ಹೋದೆ. ಎರಡೂ ಕೈಗೆ ಸೂಜಿ ಇತ್ತು.

"ಸರ, ಮನೀಗಿ ನೀರ ಯಾರ ತರಾಕತ್ತಾರ್ರಿ?" ಎಂದಳು.

ಎದುರು ಮನೆಯಾಕೆ ಹಾಲಿನ ಕ್ಯಾನಿನಲ್ಲಿ ತರುತ್ತಾಳೆ ಎಂದೆ.

"ಹಾಲಿನ ವಾಸನಿ ಇರತೈತ್ರಿ ಅದಕ. ನಮ್ಮ ಅತ್ತಿಗಿ ಆಗಂಗಿಲ್ಲ." ಸೂಜಿಯ ಕೈ ಸರಿಸಿಕೊಂಡು, "ಕುಡೀತಾರೇನ್ರಿ?" ಎಂದಳು.

"ಕುಡೀತಾರ."

ಅವಳು ಗೋಡೆಯ ಕಡೆ ತಿರುಗಿದಳು. ಪೀರನವಾಡಿಗೆ ಬಂದು ಅಂಗಳದಲ್ಲಿ ಬಕೆಟ್ಟಿನ ಹತ್ತಿರ ಬಹಳ ಹೊತ್ತು ಕೈ ತೊಳೆದೆ. ಹೆಂಡತಿ ಬಾಗಿಲಿಗೆ ಬಂದು, "ಸಾಕ ಮಾಡ್ರಿ, ಇನ್ನ," ಎನ್ನುವವರೆಗೂ.

ಐದು ದಿನ ಕಳೆದು ಆ ಮನೆಯಲ್ಲಿ ಒಲೆ ಹಚ್ಚಿದಾಗ ನಾನು ಇರಲಿಲ್ಲ. ಆಶಾ ಕಾರ್ಯಕರ್ತೆ ಇದ್ದರು. ಆಯಿ ಅನ್ನಕ್ಕೆ ಎಸರಿಡುವ ಮೊದಲು ಬರೀ ನೀರಿನ ಪಾತೇಲಿ ಇಟ್ಟರಂತೆ. ಅದು ಕುದಿಯುವವರೆಗೆ ಎದುರು ಕುಳಿತಿದ್ದರಂತೆ.

ಆ ಊರಿನ ಎಲ್ಲ ಸಾವಿನ ಮನೆಗಳಿಗೂ ಈಗ ಕ್ಯಾನಿನಲ್ಲಿ ನೀರು ಬರುತ್ತದೆ ಎಂದು ನಾನು ಹೇಳುವುದಿಲ್ಲ. ಶೌಚಾಲಯಗಳಲ್ಲಿ ಕೆಲವಕ್ಕೆ ಕುಳ್ಳು ತಿರುಗಿ ಬಂದಿದೆ. ಕಪ್ಪುಗಳನ್ನು ಚಹಾದ ಅಂಗಡಿಯವನು ಮತ್ತೆ ಒಂದೇ ಬಕೆಟ್ಟಿನಲ್ಲಿ ಅದ್ದುತ್ತಾನೆ. ನನ್ನನ್ನು ಕಂಡರೆ ನೀರು ಚೆಲ್ಲಿ ಹೊಸದು ತುಂಬುತ್ತಾನೆ. ಹೆದರಿಕೆಯಿಂದ ಬಂದದ್ದು ಹೆಚ್ಚಾಗಿ ಹೆದರಿಕೆಯ ಜೊತೆಗೇ ಹೋಯಿತು.

ಆಯಿ ಕಳೆದ ಚಳಿಗಾಲದಲ್ಲಿ ತೀರಿಹೋದರು, ವಯಸ್ಸಾಗಿ. ಮಾತನಾಡಿಸಲು ಹೋದೆ. ಅದೇ ಹೊಸ್ತಿಲ ಈಚೆ ನಿಂತೆ. ಒಲೆ ಸಾರಿಸಿತ್ತು, ಗ್ಯಾಸಿನ ಮೇಲೆ ಬಟ್ಟೆ ಹೊದಿಸಿತ್ತು. ಮೂಲೆಯಲ್ಲಿ ಹರವಿ ಬೋರಲಾಗಿತ್ತು. ಪಕ್ಕದಲ್ಲಿ ಹಾಲಿನ ಕ್ಯಾನು. ಸೊಸೆ ಮುಚ್ಚಳ ತೆಗೆದು ಅಳತೆಯಿಂದ ಗ್ಲಾಸಿಗೆ ಹಾಕಿ ಕೊಟ್ಟಳು. ಕುಡಿದೆ. ಹಾಲಿನ ವಾಸನೆ ಇತ್ತು.

ಆ ಬೆಳಿಗ್ಗೆ ಸೊಸೆ ಹರವಿಗೆ ತಂಬಿಗೆ ಅದ್ದಿದಾಗ ಅಲ್ಲಿದ್ದವರು ನಾವು ನಾಲ್ವರು. ಆಯಿ ಈಗಿಲ್ಲ. ಆಶಾ ಕಾರ್ಯಕರ್ತೆ ಇದ್ದಾರೆ, ಅದೇ ಓಣಿಗಳಲ್ಲಿ ತಿರುಗುತ್ತಾರೆ. ಸಾವಿನ ಮನೆಗೆ ಈಗ ಎಲ್ಲರಿಗಿಂತ ಮೊದಲು ಹೋಗುತ್ತಾರೆ. ಸೊಸೆ ಇದ್ದಾಳೆ. ನಾನು ಬರೆದದ್ದರಲ್ಲಿ ಹೆಚ್ಚುಕಡಿಮೆ ಇದ್ದರೆ ತಿದ್ದಲು ಅವರಿಬ್ಬರಿದ್ದಾರೆ.